ನೀವು ನಿಂತ್ಕಳಿ, ಮಿಕ್ಕಿದ್ದು ನಾವ್ ನೋಡ್ಕತೀವಿ

ತುರುವೇಕೆರೆ ಸೀಮೆಯಲ್ಲಿ ಕೊಬ್ಬರಿ ಆಗಿದೆಯೇ ಎಂದು ತಿಳಿಯಲು ಯಾರೂ ಕಾಯಿ ಒಡೆದು ನೋಡುವುದಿಲ್ಲ. ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಗಿಟಕು ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಸುಲಿಯಬಹುದು. ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ತಿಪಟೂರಿನ ಮಾರುಕಟ್ಟೆಗೆ ಹರಾಜಿಗೆ ಹೋಗುವ ಉಂಡೆ ಕೊಬ್ಬರಿಯೆಲ್ಲ ಹೀಗೆ ಕಿವಿಯ ಪರೀಕ್ಷೆ ದಾಟಿ ಹೋದದ್ದೇ.

ಚುನಾವಣೆ ಹತ್ತಿರ ಬಂದಾಗ ಇದೇ ಸೀಮೆಯಲ್ಲಿ ಮನುಷ್ಯರನ್ನೂ ಹೀಗೆ ಅಲ್ಲಾಡಿಸಿ ನೋಡುವ ಕೆಲಸ ಶುರುವಾಗುತ್ತದೆ. ಕಲ್ಯಾಣ ಮಂಟಪವೊಂದರಲ್ಲಿ ಬೆಂಬಲಿಗರ ಸಭೆ. ಉಪ್ಪಿಟ್ಟು, ಕೇಸರಿಬಾತು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು, ‘ನೀವು ನಿಂತ್ಕಳಿ ಅಣ್ಣ, ಮಿಕ್ಕಿದ್ದು ನಾವ್ ನೋಡ್ಕತೀವಿ’ ಅನ್ನುತ್ತಾರೆ. ಚಪ್ಪಾಳೆ, ಶಿಳ್ಳೆ. ಅಣ್ಣ ಕೈಮುಗಿದು, ‘ಕಾರ್ಯಕರ್ತರ ಅಭಿಪ್ರಾಯ ಪಡೆದು ತೀರ್ಮಾನ ಮಾಡ್ತೀನಿ’ ಅನ್ನುತ್ತಾರೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಸ್ಪರ್ಧೆಗೆ ಬೆಂಬಲಿಗರ ಒತ್ತಾಯ’. ಮಂಟಪದ ಬಾಡಿಗೆ ಕೊಟ್ಟವರು ಯಾರು ಎಂಬುದನ್ನು ಮಾತ್ರ ಸುದ್ದಿಯಲ್ಲಿ ಬರೆಯುವ ವಾಡಿಕೆ ಇಲ್ಲ.

ಇದು ತುಮಕೂರು ಜಿಲ್ಲೆಯ ಸ್ವತ್ತೇನೂ ಅಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಚುನಾವಣೆ ಎರಡು ವರ್ಷ ದೂರ ಇರುವಾಗಲೇ ಅಲ್ಲಿನ ಸೆನೆಟರುಗಳನ್ನು ಹೀಗೆ ಅಲ್ಲಾಡಿಸಿ ನೋಡುವವರು ಹುಟ್ಟಿಕೊಳ್ಳುತ್ತಾರೆ. ಅದರಲ್ಲೂ ಎರಡು ಪಕ್ಷಗಳ ಕೂಗಾಟದ ನಡುವೆ ತಣ್ಣಗೆ ಮಾತಾಡುವ, ಅತ್ತಲೂ ಇತ್ತಲೂ ಪೂರ್ತಿ ವಾಲದ ಒಬ್ಬರಿದ್ದರೆ ಅವರ ಹಿಂದೆ ಒಂದು ಗುಂಪು ಬೀಳುವುದು ಖಚಿತ. ಬ್ಯಾಡ್ಜು ಹಂಚುತ್ತಾರೆ, ಸಹಿ ಸಂಗ್ರಹಿಸುತ್ತಾರೆ, ಐದು ಹತ್ತು ಡಾಲರು ಕೂಡಿಸುತ್ತಾರೆ. ಬೇಡ ಬೇಡ ಅನ್ನುವವರನ್ನು ಎಳೆದು ತಂದು ನಿಲ್ಲಿಸುವ ಈ ಕೆಲಸವನ್ನು ಅಲ್ಲಿ ‘ಡ್ರಾಫ್ಟ್’ ಎಂದು ಕರೆಯುತ್ತಾರೆ. ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಳ್ಳುವುದಕ್ಕೂ ಅಲ್ಲಿ ಅದೇ ಹೆಸರು.

ಇತ್ತೀಚಿನ ಉದಾಹರಣೆ ಜೋ ಮಾಂಚಿನ್. ಕಲ್ಲಿದ್ದಲು ಗಣಿಗಳ ರಾಜ್ಯವಾದ ವೆಸ್ಟ್ ವರ್ಜೀನಿಯಾದ ಸೆನೆಟರ್ ಆಗಿದ್ದವರು. ರಾಜ್ಯ ಟ್ರಂಪ್ ಕಡೆಗೆ ಗಟ್ಟಿಯಾಗಿ ವಾಲಿದ್ದರೂ ಇವರು ಡೆಮಾಕ್ರಟಿಕ್ ಪಕ್ಷದಿಂದಲೇ ಗೆಲ್ಲುತ್ತಿದ್ದರು. 2021ರಲ್ಲಿ ನೂರು ಸದಸ್ಯರ ಸೆನೆಟ್ಟು ಐವತ್ತು ಐವತ್ತಾಗಿ ಒಡೆದಾಗ ತಕ್ಕಡಿಯ ಮುಳ್ಳು ಇವರ ಕೈಯಲ್ಲಿತ್ತು; ಸ್ವಂತ ಪಕ್ಷದ ಅಧ್ಯಕ್ಷ ಬೈಡನ್ ಅವರ ದೊಡ್ಡ ವೆಚ್ಚದ ಮಸೂದೆಯನ್ನೇ ತಡೆದು ನಿಲ್ಲಿಸಿದರು. ಪಕ್ಷದವರಿಗೆ ಸಿಟ್ಟು, ನಡುದಾರಿಯವರಿಗೆ ಖುಷಿ. ‘ನೋ ಲೇಬಲ್ಸ್’ ಎಂಬ ಸಂಘಟನೆ 2024ರ ಚುನಾವಣೆಗೆ ಎರಡೂ ಪಕ್ಷಗಳ ಹೊರಗಿನ ಒಂದು ಜೋಡಿಯನ್ನು ನಿಲ್ಲಿಸಲು ಓಡಾಡುತ್ತಿತ್ತು. ಒಂದೊಂದು ರಾಜ್ಯದಲ್ಲೂ ಸಹಿ ಸಂಗ್ರಹಿಸಿ ಮತಪತ್ರದಲ್ಲಿ ಜಾಗ ಹಿಡಿಯುತ್ತಿತ್ತು. 2023ರ ಜುಲೈನಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಅದು ಏರ್ಪಡಿಸಿದ ಸಭೆಗೆ ಮಾಂಚಿನ್ ಬಂದರು. ನವೆಂಬರಿನಲ್ಲಿ, ಸೆನೆಟ್ಟಿಗೆ ಮತ್ತೆ ನಿಲ್ಲುವುದಿಲ್ಲ, ದೇಶ ಸುತ್ತಿ ಜನ ಏನನ್ನುತ್ತಾರೆ ಕೇಳುತ್ತೇನೆ ಎಂದರು. ‘ಕಾರ್ಯಕರ್ತರ ಅಭಿಪ್ರಾಯ ಪಡೆದು ತೀರ್ಮಾನ ಮಾಡ್ತೀನಿ’ ಎಂಬ ನಮ್ಮ ಮಾತೇ, ಬೇರೆ ಭಾಷೆಯಲ್ಲಿ. 2024ರ ಫೆಬ್ರುವರಿಯಲ್ಲಿ ಅಧ್ಯಕ್ಷ ಪದವಿಗೆ ನಿಲ್ಲುವುದಿಲ್ಲ ಎಂದುಬಿಟ್ಟರು. ಬೇರೆ ಯಾರೂ ಸಿಗದೆ ಏಪ್ರಿಲ್‌ನಲ್ಲಿ ಸಂಘಟನೆಯೂ ಅಂಗಡಿ ಮುಚ್ಚಿತು. ಅದಕ್ಕೆ ಹಣ ಕೊಟ್ಟವರು ಯಾರು ಎಂದು ಕಡೆಯವರೆಗೂ ಬಹಿರಂಗಪಡಿಸಲಿಲ್ಲ. ಮಂಟಪದ ಬಾಡಿಗೆಯ ಪ್ರಶ್ನೆ ಅಲ್ಲೂ ಉಂಟು.

ಮಾಂಚಿನ್ ಹಿಂದೆ ಸರಿದದ್ದಕ್ಕೆ ಅಂಜಿಕೆಯೊಂದೇ ಕಾರಣವಲ್ಲ. 1992ರಲ್ಲಿ ಟೆಕ್ಸಸ್‌ನ ಶ್ರೀಮಂತ ರಾಸ್ ಪೆರೋ ಅವರನ್ನು ಸ್ವಯಂಸೇವಕರು ಊರೂರಲ್ಲಿ ಸಹಿ ಹಾಕಿಸಿ ಐವತ್ತೂ ರಾಜ್ಯಗಳ ಮತಪತ್ರಕ್ಕೆ ಏರಿಸಿದ್ದರು. ನೂರಕ್ಕೆ ಹತ್ತೊಂಬತ್ತರ ಹತ್ತಿರ ಮತ ಬಿದ್ದವು. ಆದರೆ ಅಧ್ಯಕ್ಷರನ್ನು ಆರಿಸುವ 538 ಮತಗಾರರ ಮಂಡಲಿಯಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಮೊದಲು ಬಂದವರಿಗೇ ಆ ರಾಜ್ಯದ ಅಷ್ಟೂ ಸ್ಥಾನ. ಎರಡನೆಯವರಿಗೆ, ಮೂರನೆಯವರಿಗೆ ಬರಿಗೈ. ಹಾಗಾಗಿ ಬುದ್ಧಿವಂತರಾದವರು ಪಕ್ಷದ ಬಾಗಿಲಿನಿಂದಲೇ ಒಳಗೆ ಹೋಗಲು ನೋಡುತ್ತಾರೆ.

ಆ ಬಾಗಿಲಿನ ಕಥೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದ ವೀರ ಐಸೆನ್‌ಹೋವರ್ 1952ರ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಸೇನಾ ಒಕ್ಕೂಟದ ಮುಖ್ಯಸ್ಥರಾಗಿ ಕುಳಿತಿದ್ದರು. ನಿಲ್ಲುತ್ತೇನೆ ಎಂದು ಅವರು ಹೇಳಿರಲಿಲ್ಲ. ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ತಾವೇ ಮುಂದಾಗಿ ಅವರ ಹೆಸರನ್ನು ನ್ಯೂ ಹ್ಯಾಂಪ್‌ಶೈರಿನ ಪ್ರೈಮರಿ ಕಣಕ್ಕೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆಗೆ, ಸೇರಿಸಿದರು. ನ್ಯೂಯಾರ್ಕಿನಲ್ಲಿ ನಡುರಾತ್ರಿ ಸಾವಿರಾರು ಜನ ಸೇರಿ ‘ಐ ಲೈಕ್ ಐಕ್’ ಎಂದು ಕೂಗಿದ ಸಭೆಯನ್ನು ಚಿತ್ರೀಕರಿಸಿ, ಆ ರೀಲನ್ನು ವಿಮಾನದಲ್ಲಿ ಪ್ಯಾರಿಸ್ಸಿಗೆ ಒಯ್ದು ತೋರಿಸಿದರು. ಸೇನಾನಿಯ ಮನಸ್ಸು ಕರಗಿತು ಎಂದು ಹೇಳುತ್ತಾರೆ. ಮಾರ್ಚಿನಲ್ಲಿ, ಅಭ್ಯರ್ಥಿ ಊರಲ್ಲೇ ಇಲ್ಲದೆ, ರಿಪಬ್ಲಿಕನ್ ಪಕ್ಷದ ಹಳೆ ಹುಲಿ ಸೆನೆಟರ್ ಟಾಫ್ಟ್ ಸೋತರು.

1968ರದ್ದು ಇದಕ್ಕಿಂತ ದೊಡ್ಡ ಪಾಠ. ವಿಯೆಟ್ನಾಂ ಯುದ್ಧದಿಂದ ರೋಸಿದ ಕಾಲೇಜು ಹುಡುಗರು ಮಿನ್ನೆಸೋಟದ ಸೆನೆಟರ್ ಯೂಜೀನ್ ಮೆಕಾರ್ಥಿ ಹಿಂದೆ ನಿಂತರು. ಮೆಕಾರ್ಥಿ ಗಟ್ಟಿಯಾಗಿ ಕೂಗುವವರಲ್ಲ. ಕವಿತೆ ಬರೆಯುತ್ತಿದ್ದ, ಮೇಷ್ಟರಂತೆ ಮಾತಾಡುತ್ತಿದ್ದ ಮನುಷ್ಯ. ಅವರಿಗಾಗಿ ಹುಡುಗರು ಉದ್ದ ಕೂದಲು ಕತ್ತರಿಸಿ, ಗಡ್ಡ ಬೋಳಿಸಿ, ಒಗೆದ ಬಟ್ಟೆ ಹಾಕಿಕೊಂಡು ನ್ಯೂ ಹ್ಯಾಂಪ್‌ಶೈರಿನ ಮನೆಮನೆ ತಟ್ಟಿದರು. ಹಾಲಿ ಅಧ್ಯಕ್ಷ ಜಾನ್ಸನ್ ಎದುರು ಮೆಕಾರ್ಥಿ ನೂರಕ್ಕೆ 42 ಮತ ಪಡೆದರು. ಸೋಲೇ, ಆದರೆ ಗೆದ್ದವರನ್ನು ನಡುಗಿಸಿದ ಸೋಲು. ಆ ತಿಂಗಳ ಕೊನೆಗೆ ಜಾನ್ಸನ್ ತಾವು ಮತ್ತೆ ನಿಲ್ಲುವುದಿಲ್ಲ ಎಂದರು. ಇಷ್ಟಾದ ಮೇಲೂ ಶಿಕಾಗೋ ಸಮಾವೇಶದಲ್ಲಿ ಟಿಕೆಟ್ ಸಿಕ್ಕಿದ್ದು ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಉಪಾಧ್ಯಕ್ಷ ಹಂಫ್ರಿ ಅವರಿಗೆ. ಕೀಲಿಕೈ ಇನ್ನೂ ಪಕ್ಷದ ಯಜಮಾನರ ಸೊಂಟದಲ್ಲೇ ಇತ್ತು. ಬೀದಿಯಲ್ಲಿ ಗಲಭೆಯಾಗಿ, ಆ ಅವಮಾನದಿಂದ ಪಕ್ಷ ನಿಯಮಗಳನ್ನು ಬದಲಿಸಿತು. ಇವತ್ತು ಅಯೊವಾ, ನ್ಯೂ ಹ್ಯಾಂಪ್‌ಶೈರುಗಳಲ್ಲಿ ಸಾಮಾನ್ಯ ಮತದಾರ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪದ್ಧತಿ ಗಟ್ಟಿಯಾಗಿರುವುದು ಆ ಸೋಲಿನ ಫಲ.

ಹೀಗಾಗಿ ಅಮೆರಿಕದ ಸಣ್ಣ ಊರಿನ ಬೆಂಬಲಿಗನಿಗೆ ತಳ್ಳಲು ಒಂದು ಬಾಗಿಲಾದರೂ ಇದೆ. ನಮ್ಮಲ್ಲಿ? ತುರುವೇಕೆರೆಯ ಮಂಟಪದಲ್ಲಿ ಚಪ್ಪಾಳೆ ತಟ್ಟಿದವರ ಕೂಗು ಎಲ್ಲಿಗೆ ಹೋಗಿ ಮುಟ್ಟುತ್ತದೆ?

ಸೆನೆಟ್ಟಿಗೆ ನಮ್ಮಲ್ಲಿ ಹತ್ತಿರದ್ದು ರಾಜ್ಯಸಭೆ. ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತಿ: ಇಷ್ಟು ಎರಡಕ್ಕೂ ಸಮ. ಆದರೆ ಅಮೆರಿಕದಲ್ಲಿ 1913ರಿಂದ ಸೆನೆಟರನ್ನು ಜನರೇ ನೇರವಾಗಿ ಆರಿಸುತ್ತಾರೆ. ಇಲ್ಲಿ ಶಾಸಕರು ಆರಿಸುತ್ತಾರೆ. ವಿಚಿತ್ರವೆಂದರೆ, ಜನರ ಮುಂದೆ ಹೋಗದ ಈ ಮನೆಯಿಂದ ಪ್ರಧಾನಿಯಾದವರು ನಮ್ಮಲ್ಲಿ ಕಡಿಮೆಯೇನಿಲ್ಲ. 1966ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದಾಗ ರಾಜ್ಯಸಭೆಯಲ್ಲಿದ್ದರು. ಗುಜ್ರಾಲ್, ಮನಮೋಹನ ಸಿಂಗ್ ಕೂಡ ಅಲ್ಲಿಯವರೇ. ಅಮೆರಿಕದ ಇಡೀ ಚರಿತ್ರೆಯಲ್ಲಿ ಸೆನೆಟ್ಟಿನಲ್ಲಿರುವಾಗಲೇ ನೇರ ಅಧ್ಯಕ್ಷರಾಗಿ ಗೆದ್ದವರು ಹಾರ್ಡಿಂಗ್, ಕೆನಡಿ, ಒಬಾಮ ಎಂಬ ಮೂವರು ಮಾತ್ರ.

ರಾಜ್ಯಸಭೆಯಿಂದ ಬಂದ, ತಣ್ಣನೆಯ, ನಡುದಾರಿಯ ಒಬ್ಬ ನಾಯಕ ದೇಶದ ಚುಕ್ಕಾಣಿ ಹಿಡಿಯಲಿ ಎಂದು ಜನ ಬಯಸಿದ್ದು ಕರ್ನಾಟಕದಲ್ಲೂ ನಡೆದಿದೆ. ಅವರು ರಾಮಕೃಷ್ಣ ಹೆಗಡೆ.

ಸಿದ್ದಾಪುರದ ದೊಡ್ಮನೆಯ ಹೆಗಡೆಯವರು 1978ರಿಂದ ರಾಜ್ಯಸಭಾ ಸದಸ್ಯರಾಗಿದ್ದರು. 1983ರ ಜನವರಿಯ ವಿಧಾನಸಭಾ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ 95 ಸ್ಥಾನ ಗೆದ್ದಾಗ, ಮುಖ್ಯಮಂತ್ರಿ ಯಾರೆಂಬ ಪ್ರಶ್ನೆಗೆ ಬಂಗಾರಪ್ಪ, ದೇವೇಗೌಡ ಎಂಬ ಉತ್ತರಗಳು ಸಿದ್ಧವಿದ್ದವು. ಹೆಗಡೆ ಶಾಸಕರೂ ಆಗಿರಲಿಲ್ಲ. ಇಬ್ಬರ ಜಗಳದಲ್ಲಿ ಮೂರನೆಯವರಾಗಿ ಬಂದು ಜನವರಿ 10ರಂದು ಪ್ರಮಾಣವಚನ ತೆಗೆದುಕೊಂಡರು, ಆಮೇಲೆ ಪಿ.ಜಿ.ಆರ್. ಸಿಂಧ್ಯ ತೆರವು ಮಾಡಿಕೊಟ್ಟ ಕನಕಪುರದಿಂದ ಗೆದ್ದರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ಬಲಕ್ಕೆ 18 ಮಂದಿಯ ಬಿಜೆಪಿ, ಎಡಕ್ಕೆ ಕಮ್ಯುನಿಸ್ಟರು, ಇಬ್ಬರ ಬೆಂಬಲದಲ್ಲೂ ಒಂದೇ ಸಲ ನಡೆದ ಸರ್ಕಾರ. ನಡುದಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಹೆಗಡೆಯವರ ಹೆಸರು ರಾಜ್ಯದ ಗಡಿ ದಾಟಿದ್ದು 1984–85ರ ಚಳಿಗಾಲದಲ್ಲಿ. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷ ರಾಜ್ಯದ 28ರಲ್ಲಿ ನಾಲ್ಕನ್ನು ಮಾತ್ರ ಗೆದ್ದಿತು. ಸೋತದ್ದು ಲೋಕಸಭೆಯಲ್ಲಿ, ವಿಧಾನಸಭೆಯಲ್ಲಲ್ಲ. ಆದರೂ ಜನರ ವಿಶ್ವಾಸ ಹೋಯಿತೆಂದು ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. ಮಾರ್ಚಿನಲ್ಲಿ ಅದೇ ಮತದಾರರು 139 ಸ್ಥಾನ ಕೊಟ್ಟರು. ಮೂರು ತಿಂಗಳ ಅಂತರದಲ್ಲಿ ದಿಲ್ಲಿಗೆ ರಾಜೀವ್, ಬೆಂಗಳೂರಿಗೆ ಹೆಗಡೆ ಎಂದು ಬೇರ್ಪಡಿಸಿ ಮತ ಹಾಕಿದ ಕನ್ನಡಿಗರನ್ನು ಕಂಡು ದೇಶದ ಪತ್ರಿಕೆಗಳು ಬೆರಗಾದವು. ರಾಜೀವ್ ಗಾಂಧಿಯ ಎದುರು ನಿಲ್ಲಬಲ್ಲ ಪ್ರಧಾನಿ ಅಭ್ಯರ್ಥಿ ಎಂದು ಹೆಗಡೆಯವರ ಹೆಸರು ಅಲ್ಲಿಂದ ಓಡಾಡತೊಡಗಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಸಿ, ಸಚಿವ ಅಬ್ದುಲ್ ನಜೀರ್ ಸಾಬರ ಕೈಯಲ್ಲಿ ಹಳ್ಳಿಹಳ್ಳಿಗೆ ಕೊಳವೆ ಬಾವಿ ಕೊಡಿಸಿದ್ದು ಆ ಹೆಸರಿಗೆ ಮೈ ತುಂಬಿಸಿತು. ನಜೀರ್ ಸಾಬರು ನೀರ್ ಸಾಬರಾದದ್ದು ಆಗಲೇ.

ಆದರೆ ಹೆಗಡೆಯವರನ್ನು ಪ್ರಧಾನಿ ಮಾಡಿ ಎಂದು ಕೂಗಲು ತುರುವೇಕೆರೆಯ ಮತದಾರನಿಗೆ ಒಂದು ಪ್ರೈಮರಿ ಇರಲಿಲ್ಲ. ಹೆಸರು ಪತ್ರಿಕೆಗಳಲ್ಲಿತ್ತು, ಭಾಷಣಗಳಲ್ಲಿತ್ತು, ಊರ ಹೋಟೆಲಿನ ಬೆಂಚಿನ ಮೇಲಿತ್ತು. ದಿಲ್ಲಿಯಲ್ಲಿ ಸಂಖ್ಯೆ ಇರಲಿಲ್ಲ. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ವಿರೋಧ ಪಕ್ಷಗಳು ಅಧಿಕಾರಕ್ಕೆ ಬಂದಾಗ ಪ್ರಧಾನಿ ಆದವರು ವಿ.ಪಿ. ಸಿಂಗ್, ಹೆಗಡೆಯವರಿಗೆ ಸಿಕ್ಕಿದ್ದು ಯೋಜನಾ ಆಯೋಗದ ಉಪಾಧ್ಯಕ್ಷರ ಕುರ್ಚಿ.

ಆಮೇಲೆ 1991. ಹೆಗಡೆ ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಎದುರಿಗೆ ಕಾಂಗ್ರೆಸ್ಸಿನ ಸಿದ್ದು ನ್ಯಾಮಗೌಡ. ದೇಶಕ್ಕೆ ಆ ಹೆಸರು ಗೊತ್ತಿರಲಿಲ್ಲ. ಜಮಖಂಡಿ ಸೀಮೆಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದ ಹಿಂದಷ್ಟೇ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರೇ ವಂತಿಗೆ ಎತ್ತಿ, ಸರ್ಕಾರಕ್ಕೆ ಕಾಯದೆ, ತಾವೇ ದುಡಿದು ಬ್ಯಾರೇಜು ಕಟ್ಟಿದ್ದರು. ಮುಂದೆ ನಿಂತು ಮಾಡಿಸಿದವರು ನ್ಯಾಮಗೌಡ. ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ಕರೆದರು. ದೇಶ ಪ್ರಧಾನಿಯಾಗಲಿ ಅಂದವರನ್ನು ಅವರು ಸೋಲಿಸಿಬಿಟ್ಟರು. ಹೆಗಡೆಯವರ ಕಡೆ ದೇಶಪೂರ್ತಿ ಮೆಚ್ಚುಗೆ ಇತ್ತು. ನ್ಯಾಮಗೌಡರ ಕಡೆ ಮರಳು ಹೊತ್ತ ಜನ ಇದ್ದರು. ಬೇರುಮಟ್ಟದ ಬೆಂಬಲ ಅಂದರೇನು ಎಂದು ಕೇಳುವವರಿಗೆ ಆ ಒಂದು ಫಲಿತಾಂಶ ತೋರಿಸಿದರೆ ಸಾಕು.

ಇದರ ತಿರುಗುಮುರುಗು 1996ರಲ್ಲಿ ನಡೆಯಿತು. ಯಾರಿಗೂ ಬಹುಮತವಿಲ್ಲ: ಬಿಜೆಪಿ 161, ಕಾಂಗ್ರೆಸ್ 140, ಜನತಾದಳ 46. ಆ 46ರಲ್ಲಿ 16 ಕರ್ನಾಟಕದ್ದು. ವಾಜಪೇಯಿಯವರ ಹದಿಮೂರು ದಿನದ ಸರ್ಕಾರ ಬಿದ್ದಿತು. ಸಂಯುಕ್ತರಂಗದವರು ವಿ.ಪಿ. ಸಿಂಗ್ ಕಡೆ ನೋಡಿದರು, ಅವರು ಒಲ್ಲೆ ಅಂದರು. ಜ್ಯೋತಿ ಬಸು ಕಡೆ ನೋಡಿದರು, ಅವರ ಪಕ್ಷದ ಕೇಂದ್ರ ಸಮಿತಿ ಒಲ್ಲೆ ಅಂದಿತು. ಕಡೆಗೆ ಕರ್ನಾಟಕದ ಮುಖ್ಯಮಂತ್ರಿ ಎಚ್.ಡಿ. ದೇವೇಗೌಡರ ಕಡೆ ನೋಡಿದರು. ಜೂನ್ 1ರಂದು ಪ್ರಧಾನಿಯಾದ ಹರದನಹಳ್ಳಿಯ ಗೌಡರು ಅಂದು ಸಂಸತ್ತಿನ ಯಾವ ಮನೆಯ ಸದಸ್ಯರೂ ಅಲ್ಲ, ರಾಮನಗರದ ಶಾಸಕರು. ಸೆಪ್ಟೆಂಬರಿನಲ್ಲಿ ರಾಜ್ಯಸಭೆಗೆ ಬಂದರು. ದಶಕದ ಹಿಂದಿನಿಂದ ಹೆಸರು ಓಡಾಡುತ್ತಿದ್ದ ಹೆಗಡೆ ಟೀಕಿಸಿದರು. ಪಕ್ಷ ಅವರನ್ನೇ ಉಚ್ಚಾಟಿಸಿತು. ಕೂಗಿದ ಹೆಸರು ಹೊರಗೆ, ಯಾರೂ ಕೂಗದ ಹೆಸರು ಒಳಗೆ. ಗೌಡರನ್ನು ಕುರ್ಚಿಯಲ್ಲಿ ಕೂರಿಸಿದ್ದು ದಿಲ್ಲಿಯ ಒಂದು ಕೋಣೆ. 1997ರ ಏಪ್ರಿಲ್‌ನಲ್ಲಿ ಇಳಿಸಿದ್ದೂ ದಿಲ್ಲಿಯೇ, ಕಾಂಗ್ರೆಸ್ ಬೆಂಬಲ ಹಿಂತೆಗೆದ ಕಾರಣಕ್ಕೆ. ಎರಡು ಸಲವೂ ಮತದಾರನನ್ನು ಯಾರೂ ಕೇಳಲಿಲ್ಲ.

ಕೇಳಿದ್ದು 2019ರಲ್ಲಿ, ಅದೂ ತೆಂಗಿನ ಸೀಮೆಯವರನ್ನೇ.

ಗೌಡರು ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ತಮಗೊಂದು ಕ್ಷೇತ್ರ ಹುಡುಕುತ್ತಿದ್ದರು. ಬೆಂಗಳೂರು ಉತ್ತರವೋ ತುಮಕೂರೋ ಎಂಬ ತೂಗಾಟದ ನಂತರ ತುಮಕೂರು ಖಚಿತವಾಯಿತು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಮೂರೂ ಆ ಲೋಕಸಭಾ ಕ್ಷೇತ್ರದೊಳಗಿವೆ. ಕಾಂಗ್ರೆಸ್–ಜೆಡಿಎಸ್ ಮೈತ್ರಿಯಲ್ಲಿ ಸ್ಥಾನ ಜೆಡಿಎಸ್ ಪಾಲಾದ್ದರಿಂದ ಹಾಲಿ ಕಾಂಗ್ರೆಸ್ ಸಂಸದ ಎಸ್.ಪಿ. ಮುದ್ದಹನುಮೇಗೌಡರಿಗೆ ಟಿಕೆಟ್ ತಪ್ಪಿತು. ಐದು ವರ್ಷ ಕೆಲಸ ಮಾಡಿದವರಿಗೆ ಅನ್ಯಾಯ ಎಂದು ಬೆಂಬಲಿಗರು ಕುದಿದರು, ನಿಂತ್ಕಳಿ ಅಂದರು. ಅವರು ನಾಮಪತ್ರವನ್ನೂ ಸಲ್ಲಿಸಿದರು. ಆಮೇಲೆ ಪಕ್ಷದ ದೊಡ್ಡವರ ಮಾತು ಕೇಳಿ ವಾಪಸು ಪಡೆದರು. ಮಂಟಪದಲ್ಲಿ ಕೂಗಿದವರು ಕೂಗಿದಲ್ಲೇ ಉಳಿದರು.

ಮಾಜಿ ಪ್ರಧಾನಿ ಬಂದು ನಿಂತಿದ್ದಾರೆ, ಗೆಲುವು ಸಲೀಸು ಎಂದು ಬೆಂಗಳೂರಿನಲ್ಲಿ ಕುಳಿತವರು ಲೆಕ್ಕ ಹಾಕಿದ್ದರು. ಇಲ್ಲಿಯ ಲೆಕ್ಕ ಬೇರೆ ಇತ್ತು. ತುಮಕೂರಿನವರ ನೆನಪಿನಲ್ಲಿ ಗೌಡರು ಅಂದರೆ ಮೊದಲು ಬರುವುದು ಪ್ರಧಾನಿ ಪದವಿಯಲ್ಲ, ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಕಟ್ಟಿದ ಅಣೆಯ ನೀರು ಬಾಗೂರು–ನವಿಲೆ ಸುರಂಗ ದಾಟಿ ತುಮಕೂರಿನ ನಾಲೆಗೆ ಬರಬೇಕು. ನಮ್ಮ ಪಾಲಿನ ನೀರಿಗೆ ಹಾಸನದವರು ಅಡ್ಡ ಬಂದರು ಎಂಬ ಸಿಟ್ಟು ಇಲ್ಲಿಯ ತೋಟಗಳಲ್ಲಿ ತೆಂಗಿನಷ್ಟೇ ಹಳೆಯದು. ಆ ಸಿಟ್ಟು ಎಷ್ಟು ನ್ಯಾಯ ಎಂಬುದು ಬೇರೆ ಚರ್ಚೆ. ಗೌಡರ ಕಡೆಯವರು ಒಪ್ಪುವುದಿಲ್ಲ. ಆದರೆ ಒಣಗಿದ ಕೆರೆಯ ಏರಿಯ ಮೇಲೆ ನಿಂತು ಮತ ಕೇಳುವಾಗ ಚರ್ಚೆಗೆ ಪುರುಸೊತ್ತು ಇರುವುದಿಲ್ಲ. ಬಿಜೆಪಿಯವರು ಪ್ರಚಾರದಲ್ಲಿ ಹೇಮಾವತಿಯನ್ನೇ ಹಿಡಿದರು. ಏಪ್ರಿಲ್ 18ರ ಮತದಾನದ ಪೆಟ್ಟಿಗೆ ಮೇ 23ರಂದು ತೆರೆದಾಗ ಜಿ.ಎಸ್. ಬಸವರಾಜು 13,339 ಮತಗಳಿಂದ ಗೆದ್ದಿದ್ದರು. ಎಂಬತ್ತೈದು ದಾಟಿದ ಗೌಡರಿಗೆ ಅದೊಂದು ಕಹಿ ದಿನ.

ಅದೇ ಏಪ್ರಿಲ್ 18ರಂದು ತುರುವೇಕೆರೆಯ ಪಕ್ಕದ ಗಡಿಯಾಚೆ, ಮಂಡ್ಯದಲ್ಲಿ, ಇನ್ನೊಂದು ಪರೀಕ್ಷೆ ನಡೆದಿತ್ತು. ನಾಗಮಂಗಲ ಬಂತೆಂದರೆ ಮಂಡ್ಯ ಜಿಲ್ಲೆ. ಇಲ್ಲಿಯ ಸಂತೆಯ ಮಾತು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ ಬರಲು ಒಂದು ದಿನ ಸಾಕು. ನಟ, ರಾಜಕಾರಣಿ ಅಂಬರೀಶ್ 2018ರ ನವೆಂಬರಿನಲ್ಲಿ ತೀರಿಕೊಂಡ ಮೇಲೆ ಅಭಿಮಾನಿಗಳು ಅವರ ಪತ್ನಿ ಸುಮಲತಾ ಅವರನ್ನು ನಿಲ್ಲಿ ಎಂದು ಕೇಳಿದರು. ಅವರು ಮೊದಲು ಕಾಂಗ್ರೆಸ್ ಟಿಕೆಟ್ ಕೇಳಿದರು, ಮೈತ್ರಿಯಿಂದಾಗಿ ಸಿಗಲಿಲ್ಲ. ಪಕ್ಷೇತರರಾಗಿ ನಿಂತರು. ಎದುರಿಗೆ ದೇವೇಗೌಡರ ಮಗ, ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್; ಇಡೀ ಸರ್ಕಾರ ಮಂಡ್ಯದಲ್ಲಿ ಬೀಡುಬಿಟ್ಟಿತ್ತು. ಕಣದಲ್ಲಿ ಸುಮಲತಾ ಹೆಸರಿನ ಇನ್ನೂ ಮೂವರು ಇದ್ದರು, ಮತಪತ್ರ ನೋಡಿದವರಿಗೆ ದಿಕ್ಕು ತಪ್ಪಲಿ ಎಂದು. ಜೋಡೆತ್ತು ಎಂದು ಹೆಸರಾದ ನಟರಾದ ದರ್ಶನ್, ಯಶ್ ಬಿಸಿಲಲ್ಲಿ ಊರೂರು ಸುತ್ತಿದರು. ಫಲಿತಾಂಶ: 1,25,876 ಮತಗಳ ಗೆಲುವು. ಕರ್ನಾಟಕದ ಈಚಿನ ಚರಿತ್ರೆಯಲ್ಲಿ ‘ನಿಂತ್ಕಳಿ’ ಎಂಬ ಕೂಗು ಇಷ್ಟು ನೇರವಾಗಿ ಸಂಸತ್ತಿಗೆ ತಲುಪಿದ್ದು ಇನ್ನೊಂದಿಲ್ಲ ಅನ್ನಬಹುದು.

ನೇರವಾಗಿ ಅಂದದ್ದಕ್ಕೆ ಒಂದು ತಿದ್ದುಪಡಿ ಬೇಕು. ಬಿಜೆಪಿ ಅಲ್ಲಿ ಅಭ್ಯರ್ಥಿಯನ್ನೇ ಹಾಕದೆ ಸುಮಲತಾ ಅವರಿಗೆ ಬೆಂಬಲ ಘೋಷಿಸಿತ್ತು. ಮೈತ್ರಿ ಒಪ್ಪದ ಕಾಂಗ್ರೆಸ್ ಕಾರ್ಯಕರ್ತರು ಒಳಗೊಳಗೇ ಕೆಲಸ ಮಾಡಿದ್ದರು. ಅಭಿಮಾನಕ್ಕೆ ಸಂಘಟನೆಯ ಹೆಗಲು ಸಿಕ್ಕಿತ್ತು. ಆ ಹೆಗಲು ಸರಿದಾಗ ಏನಾಗುತ್ತದೆ ಎಂಬುದು 2024ರಲ್ಲಿ ಗೊತ್ತಾಯಿತು. ಬಿಜೆಪಿ ಈ ಸಲ ಮಂಡ್ಯವನ್ನು ಮಿತ್ರಪಕ್ಷ ಜೆಡಿಎಸ್‌ಗೆ ಬಿಟ್ಟುಕೊಟ್ಟಿತು. ಸುಮಲತಾ ಮತ್ತೆ ಬೆಂಬಲಿಗರ ಸಭೆ ಕರೆದರು. ನಿಲ್ಲುವುದಿಲ್ಲ, ಬಿಜೆಪಿ ಸೇರುತ್ತೇನೆ ಎಂದು ಅಲ್ಲೇ ಹೇಳಿದರು.

ಹಣದ ಮಾತು ಬಿಟ್ಟು ಈ ಕಥೆ ಮುಗಿಯುವುದಿಲ್ಲ. ಅಮೆರಿಕದಲ್ಲಿ ಒಬ್ಬರು ಐದು ಸಾವಿರ ಡಾಲರಿಗಿಂತ ಹೆಚ್ಚು ಕೂಡಿಸಿದರೆ ಅಥವಾ ಖರ್ಚು ಮಾಡಿದರೆ ಕಾನೂನಿನ ಕಣ್ಣಿಗೆ ಅವರು ಅಭ್ಯರ್ಥಿ. ಹೆಸರು ನೋಂದಾಯಿಸಿ ಲೆಕ್ಕ ಕೊಡಬೇಕು. ನಿಲ್ಲಬೇಕೋ ಬೇಡವೋ ಎಂದು ಇನ್ನೂ ನೋಡುತ್ತಿದ್ದೇನೆ ಅನ್ನುವವರಿಗೆ ಸ್ವಲ್ಪ ಸಡಿಲು ಉಂಟು, ಆ ಸಂದಿಯಲ್ಲಿ ಬಹಳ ಜನ ತೂರುತ್ತಾರೆ. ಆದರೂ ಒಬ್ಬರಿಂದ ಇಷ್ಟೇ ಪಡೆಯಬೇಕೆಂಬ ಮಿತಿ ಇರುವುದರಿಂದ ಸಣ್ಣ ಕೈಗಳ ಲೆಕ್ಕ ಸಿಗುತ್ತದೆ: ಎಷ್ಟು ಜನ ಇಪ್ಪತ್ತು ಡಾಲರ್ ಕೊಟ್ಟರು ಎಂಬುದೇ ಅಲ್ಲಿ ಬೆಂಬಲದ ಅಳತೆಗೋಲು. ನಮ್ಮಲ್ಲಿ ಅಂಥ ಅಳತೆಗೋಲನ್ನು ಮಾಡಿ ತೋರಿಸಿದವರು ಶಾಂತವೇರಿ ಗೋಪಾಲಗೌಡರು. ಗೇಣಿದಾರರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ಸಮಾಜವಾದಿ ಪಕ್ಷಕ್ಕಾಗಿ ನಿಂತರು. ಕೈಯಲ್ಲಿ ಕಾಸಿರಲಿಲ್ಲ. ಜನರನ್ನು ಕೇಳಿದ್ದು ಒಂದು ವೋಟು, ಒಂದು ನೋಟು. ಒಂದು ರೂಪಾಯಿ ಕೊಟ್ಟ ಗೇಣಿದಾರ ಮತ ಕೊಡದೆ ಇರುತ್ತಾನೆಯೇ? ಗೋಪಾಲಗೌಡರು ಗೆದ್ದರು. ಇವತ್ತು ಲೋಕಸಭೆಗೆ ಒಬ್ಬ ಅಭ್ಯರ್ಥಿ ಕಾನೂನಿನ ಪ್ರಕಾರ 95 ಲಕ್ಷ ರೂಪಾಯಿ ಖರ್ಚು ಮಾಡಬಹುದು. ಪ್ರಕಾರ ಅಲ್ಲದೆ ಎಷ್ಟು ಎಂಬುದನ್ನು ತಾಲ್ಲೂಕಿನ ಪ್ರತಿ ಹೋಟೆಲಿನಲ್ಲೂ ಒಬ್ಬೊಬ್ಬರು ಒಂದೊಂದು ಲೆಕ್ಕದಲ್ಲಿ ಹೇಳುತ್ತಾರೆ. ನೋಟು ಈಗ ಎದುರು ದಿಕ್ಕಿನಲ್ಲಿ ಓಡಾಡುತ್ತದೆ.

ಹಾಗೆಂದು ತೆಂಗಿನ ಸೀಮೆಯವರಿಗೆ ಸೇರಿ ಕೂಗಲು ಬರುವುದಿಲ್ಲ ಎಂದಲ್ಲ. ಕೊಬ್ಬರಿ ಬೆಲೆ ನೆಲ ಕಚ್ಚಿದ 2023ರಲ್ಲಿ ತಿಪಟೂರಿನಲ್ಲಿ ರೈತರು ತಿಂಗಳುಗಟ್ಟಲೆ ಹೋರಾಡಿದರು. ಕೇಂದ್ರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯಲ್ಲಿ ಅಷ್ಟೂ ಸಿಗುತ್ತಿರಲಿಲ್ಲ. ರಾಜ್ಯ ಸರ್ಕಾರ ಪ್ರೋತ್ಸಾಹಧನ ಸೇರಿಸಿತು, ಕೇಂದ್ರ ಮರುವರ್ಷಕ್ಕೆ 12,000 ಮಾಡಿತು. ಬೇಡಿಕೆಗೆ ಜನ ಸೇರುತ್ತಾರೆ, ಬೇಡಿಕೆಯ ಒಂದು ಅಂಶವಾದರೂ ಸರ್ಕಾರವನ್ನು ಮುಟ್ಟುತ್ತದೆ. ವ್ಯಕ್ತಿಗೆ ಜನ ಸೇರಿದಾಗ ಮಾತ್ರ ಆ ಕೂಗು ಬೆಂಗಳೂರಿನ ಪಕ್ಷದ ಕಚೇರಿಯ ಗೇಟಿನಲ್ಲಿ ನಿಂತುಬಿಡುತ್ತದೆ. ಒಳಗೆ ಜಾತಿಯ ಲೆಕ್ಕ, ಮೈತ್ರಿಯ ಲೆಕ್ಕ, ದುಡ್ಡಿನ ಲೆಕ್ಕ. ಬಿ ಫಾರಂ ಹೊರಬರುವುದು ಆ ಮೂರೂ ಕೂಡಿದ ಮೇಲೆ.

2024ರಲ್ಲಿ ತುಮಕೂರಿನ ಬಿಜೆಪಿ ಟಿಕೆಟ್ಟಿಗೆ ಚಿಕ್ಕನಾಯಕನಹಳ್ಳಿಯ ಮಾಜಿ ಸಚಿವ ಜೆ.ಸಿ. ಮಾಧುಸ್ವಾಮಿ ಆಕಾಂಕ್ಷಿಯಾಗಿದ್ದರು. ಜಿಲ್ಲೆಯವರಿಗೇ ಕೊಡಿ ಎಂಬ ಮಾತು ಜೋರಾಗಿತ್ತು. ಟಿಕೆಟ್ ಸಿಕ್ಕಿದ್ದು ಬೆಂಗಳೂರಿನಿಂದ ಬಂದ ವಿ. ಸೋಮಣ್ಣ ಅವರಿಗೆ. ಎದುರಿಗೆ ಕಾಂಗ್ರೆಸ್ಸಿನಿಂದ, ನಡುವೆ ಬಿಜೆಪಿಗೆ ಹೋಗಿ ಹಿಂದಿರುಗಿದ್ದ ಅದೇ ಮುದ್ದಹನುಮೇಗೌಡರು. 2019ರಲ್ಲಿ ಬೆಂಬಲಿಗರು ಕೂಗಿ ಕೇಳಿದ್ದ ಟಿಕೆಟ್ ಐದು ವರ್ಷ ತಡವಾಗಿ ಕೈಗೆ ಬಂದಿತ್ತು. ಹೊತ್ತು ಮೀರಿತ್ತು. ದೇವೇಗೌಡರ ಪಕ್ಷ ಈ ಸಲ ಬಿಜೆಪಿಯ ಜೊತೆಗಿತ್ತು. ಸೋಮಣ್ಣ 1,75,594 ಮತಗಳ ಅಂತರದಲ್ಲಿ ಗೆದ್ದು ರೈಲ್ವೆ ಮತ್ತು ಜಲಶಕ್ತಿ ಖಾತೆಗಳ ರಾಜ್ಯ ಸಚಿವರಾದರು. ಹೊರಗಿನವರು ಅಂದವರ ಮಾತು ಅಲ್ಲಿಗೆ ಅಡಗಿತು.

ದೇವೇಗೌಡರ ಕಥೆ ಇನ್ನೊಂದು ಸುತ್ತು ಬಂದಿತ್ತು. ತುಮಕೂರಿನಲ್ಲಿ ಸೋತ ಮರುವರ್ಷ, 2020ರ ಜೂನ್‌ನಲ್ಲಿ ರಾಜ್ಯಸಭೆಯಲ್ಲಿ ಕರ್ನಾಟಕದ ನಾಲ್ಕು ಸ್ಥಾನ ತೆರವಾದವು. ಪಕ್ಷದ ಶಾಸಕರು, ಸೋನಿಯಾ ಗಾಂಧಿ ಮತ್ತಿತರ ರಾಷ್ಟ್ರೀಯ ನಾಯಕರ ಕೋರಿಕೆಗೆ ಒಪ್ಪಿ ತಂದೆಯವರು ನಿಲ್ಲುತ್ತಿದ್ದಾರೆ ಎಂದು ಮಗ ಕುಮಾರಸ್ವಾಮಿ ತಿಳಿಸಿದರು. ನಾಲ್ಕು ಸ್ಥಾನಕ್ಕೆ ನಾಲ್ಕೇ ನಾಮಪತ್ರ. ಜೂನ್ 12ರಂದು ಮಲ್ಲಿಕಾರ್ಜುನ ಖರ್ಗೆ, ಈರಣ್ಣ ಕಡಾಡಿ, ಅಶೋಕ್ ಗಸ್ತಿ ಅವರ ಜೊತೆ ಗೌಡರು ಅವಿರೋಧವಾಗಿ ಆಯ್ಕೆಯಾದರು. ಮೊದಲ ಸಲ 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ನಿಂತು ಗೆದ್ದವರು ಅವರು. ಈ ಸಲ ಮತದಾನವೇ ನಡೆಯಲಿಲ್ಲ.